ವೈದ್ಯನೂ ಪೌರಧರ್ಮವೂ

ವೈದ್ಯನನ್ನು ನಾರಾಯಣನೆಂದು ಭಾವಿಸಿ ಕೈಮುಗಿಯುವ ವಾಡಿಕೆ ಕನ್ನಡ ನಾಡಿನ ಮನೆಗಳಲ್ಲಿ ಹಳೆಯದು. ಆದರೆ ಆ ಭಕ್ತಿಯೆಲ್ಲ ರೋಗಿಯ ಮಂಚದ ಬಳಿ ಕುಳಿತ ವೈದ್ಯನಿಗೆ ಸಲ್ಲತಕ್ಕದ್ದು. ಅದೇ ವೈದ್ಯನು ಎದ್ದು ಹೊರಗೆ ಬಂದು, ಊರಿನ ಚರಂಡಿಯನ್ನೋ ಬಡವರ ಕೂಳನ್ನೋ ಕುರಿತು ಸಭೆಯಲ್ಲಿ ಮಾತನಾಡತೊಡಗಿದರೆ, ಇವರಿಗೇಕೆ ಈ ಉಸಾಬರಿ ಎನ್ನುವವರೇ ಹೆಚ್ಚು. ದೊಡ್ಡ ಆಸ್ಪತ್ರೆಯಲ್ಲಿ ತಲೆನರೆತ ವೈದ್ಯನಾದರಂತೂ ಆಕ್ಷೇಪಣೆ ಇಮ್ಮಡಿಯಾಗುತ್ತದೆ. ಆತನ ಒಂದೊಂದು ಗಳಿಗೆಯೂ ರೋಗಿಗಳ ಸೊತ್ತಲ್ಲವೆ? ಅದನ್ನು ಸಭೆಗಳಲ್ಲಿ ಕಳೆಯುವ ಅಧಿಕಾರವನ್ನು ಆತನಿಗೆ ಕೊಟ್ಟವರಾರು?

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಸ್ತ್ರಚಿಕಿತ್ಸೆಗಾಗಿ ಕಾದಿರುವ ತಾಯಿಯೊಬ್ಬಳಿಗೆ, ತನ್ನ ವೈದ್ಯನು ಈ ಹೊತ್ತು ನಗರಸಭೆಯಲ್ಲಿ ಸಾವಿರ ಜನರ ಹಿತವನ್ನು ಚಿಂತಿಸುತ್ತಿದ್ದಾನೆಂಬುದು ಸಮಾಧಾನವಾಗಲಾರದು. ಕಣ್ಣೆದುರಿನ ನೋವಿಗೆ ತನ್ನದೇ ಆದ ಹಕ್ಕುಂಟು. ಆದರೆ ಒಂದೇ ಕೇರಿಯಿಂದ ಒಂದೇ ಬೇನೆಯನ್ನು ಹೊತ್ತು ವರುಷ ವರುಷವೂ ಜನರು ಬರುತ್ತಿರುವಾಗ, ಬಂದವರಿಗೆಲ್ಲ ಮದ್ದು ಕೊಟ್ಟು ಕಳುಹಿಸಿ, ಆ ಕೇರಿಯ ನೀರಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವವನು ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದಂತಾಯಿತೆ? ಈ ವಿಚಾರವನ್ನು ಬರಿಯ ತರ್ಕದಿಂದ ತೀರಿಸಹೊರಡುವುದಕ್ಕಿಂತ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋನ ಬಾಳನ್ನು ನೋಡುವುದು ಲೇಸು. ಅನುಕೂಲ ಪಕ್ಷಕ್ಕೂ ಪ್ರತಿಕೂಲ ಪಕ್ಷಕ್ಕೂ ಬೇಕಾದ ಸಾಕ್ಷ್ಯ ಆ ಒಂದೇ ಬಾಳಿನಲ್ಲಿ ದೊರೆಯುತ್ತದೆ.

1848ನೆಯ ಇಸವಿಯ ಆರಂಭದಲ್ಲಿ, ಆಗ ಪ್ರಷ್ಯಕ್ಕೆ ಸೇರಿದ್ದು ಈಗ ಪೋಲೆಂಡಿಗೆ ಸೇರಿರುವ ಮೇಲಣ ಸೈಲೀಷಿಯಾ ಪ್ರಾಂತದಲ್ಲಿ, ಟೈಫಸ್ ಜ್ವರವು ಹಬ್ಬಿತ್ತು. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸ ಮಾಡುತ್ತಿದ್ದ ವಿರ್ಖೋನನ್ನು ಸರಕಾರವು ಅಲ್ಲಿಗೆ ಕಳುಹಿಸಿತು. ಅವನ ವಯಸ್ಸು ಆಗ 26. ಸುಮಾರು ಮೂರು ವಾರ ಅವನು ಆ ಹಳ್ಳಿಗಳಲ್ಲಿ ಸುತ್ತಿದನು. ಕಂಡದ್ದು ಜ್ವರವೊಂದನ್ನೇ ಅಲ್ಲ. ಆಲೂಗೆಡ್ಡೆಯ ಬೆಳೆ ಕೆಟ್ಟು ಹಸಿದಿದ್ದ ಜನ. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಸಂಸಾರಗಳು. ಪೋಲಿಷ್ ಭಾಷೆಯನ್ನಾಡುವ ರೈತರು, ಆ ಭಾಷೆಯನ್ನರಿಯದ ಅಧಿಕಾರಿಗಳು. ಮದ್ದಿನ ಪಟ್ಟಿಯನ್ನು ನಿರೀಕ್ಷಿಸಿದ್ದ ಸರಕಾರಕ್ಕೆ ಅವನು ಬರೆದುಕೊಟ್ಟ ವರದಿಯಲ್ಲಿ ಇದ್ದುದು ಬೇರೆಯೇ: ಜನರಿಗೆ ಪೂರ್ಣ ಸ್ವಾತಂತ್ರ್ಯ ಬೇಕು, ಅವರ ಭಾಷೆಯಲ್ಲಿ ವಿದ್ಯೆ ಬೇಕು, ರಸ್ತೆ ಬೇಕು, ತೆರಿಗೆಯ ಭಾರವು ಬಡವರ ಹೆಗಲಿನಿಂದ ಇಳಿಯಬೇಕು.

ವೈದ್ಯನು ತನ್ನ ಎಲ್ಲೆಯನ್ನು ಮೀರಿದನೆಂದು ಆಗ ತೋರಿದ್ದರೆ ಆಶ್ಚರ್ಯವಿಲ್ಲ. ಟೈಫಸ್ ಹೇನಿನ ಮೂಲಕ ಹರಡುವುದೆಂದು ಷಾರ್ಲ್ ನಿಕೋಲ್ ಎಂಬವನು ಟ್ಯೂನಿಸ್ಸಿನಲ್ಲಿ ಸಿದ್ಧಪಡಿಸಿದುದು 1909ರಲ್ಲಿ. ಹೇನಿನ ಸಂಗತಿ ವಿರ್ಖೋನಿಗೆ ತಿಳಿದಿರಲಿಲ್ಲ. ಆದರೂ ಹೇನು ಹೆಚ್ಚುವುದು ಉಡಲು ಬದಲಿ ಬಟ್ಟೆಯಿಲ್ಲದೆ, ಮೀಯಲು ಅನುಕೂಲವಿಲ್ಲದೆ, ಒಬ್ಬರ ಮೈಗೊಬ್ಬರು ತಾಗಿ ಮಲಗುವ ಕಡೆಯಲ್ಲಿ ತಾನೆ? ರೋಗದ ಬೀಜವನ್ನರಿಯದೆಯೇ ಅದು ಬೆಳೆಯುವ ನೆಲವನ್ನು ಅವನು ಸರಿಯಾಗಿ ಗುರುತಿಸಿದ್ದನು. ಇದು ವೈದ್ಯನಲ್ಲದವನಿಗೆ ಸುಲಭವಾಗಿ ಕಾಣತಕ್ಕ ಸಂಗತಿಯಲ್ಲ. ಹಸಿವನ್ನು ಎಲ್ಲರೂ ಕಂಡಿದ್ದರು, ಜ್ವರವನ್ನೂ ಕಂಡಿದ್ದರು; ಒಂದಕ್ಕೊಂದು ಇರುವ ನಂಟನ್ನು ಹೇಳಲು ರೋಗಿಯ ಮೈಯನ್ನೂ ಅವನ ಗುಡಿಸಲನ್ನೂ ಕೂಡಿಸಿ ನೋಡಿದ ಕಣ್ಣು ಬೇಕಾಗಿತ್ತು.

ಆ ಮಾರ್ಚಿಯಲ್ಲಿ ಬರ್ಲಿನ್ನಿನಲ್ಲಿ ಕ್ರಾಂತಿಯೆದ್ದಿತು. ವಿರ್ಖೋ ಜನರ ಜೊತೆ ನಿಂತನು. ವೈದ್ಯರೇ ಬಡವರ ಸಹಜವಾದ ವಕೀಲರೆಂದು ತನ್ನ ವಾರಪತ್ರಿಕೆಯಲ್ಲಿ ಸಾರಿದನು. ಪತ್ರಿಕೆ ಒಂದು ವರುಷ ಬಾಳಿತು. ಕ್ರಾಂತಿ ಅಡಗಿದ ಮೇಲೆ, 1849ರಲ್ಲಿ, ಆಸ್ಪತ್ರೆಯ ಕೆಲಸಕ್ಕೂ ಸಂಚಕಾರ ಬಂದು ಅವನು ಬರ್ಲಿನ್ ಬಿಟ್ಟು ವ್ಯೂರ್ತ್ಸ್‌ಬುರ್ಗ್ ನಗರವನ್ನು ಸೇರಿದನು. 1856ರಲ್ಲಿ ಹಿಂದಿರುಗಿದಾಗ ಅವನು ಯೂರೋಪಿನಲ್ಲೆಲ್ಲ ಹೆಸರಾದ ಪ್ರಾಧ್ಯಾಪಕ. 1859ರಲ್ಲಿ ನಗರಸಭೆಗೆ ಆಯ್ಕೆಯಾದವನು 1902ರಲ್ಲಿ ಸಾಯುವವರೆಗೂ ಅದರಲ್ಲಿದ್ದನು. ಬರ್ಲಿನ್ನಿನ ಹೊಲಸು ಆಗ ಬೀದಿಯ ತೆರೆದ ಕಾಲುವೆಗಳಲ್ಲಿ ನಾರುತ್ತಿತ್ತು. ಎಂಜಿನಿಯರ್ ಜೇಮ್ಸ್ ಹೋಬ್ರೆಖ್ಟನು ನಗರವನ್ನು 12 ಭಾಗಗಳಾಗಿ ವಿಂಗಡಿಸಿ, ಕೊಳಚೆಯನ್ನು ನೆಲದಡಿಯ ಕೊಳವೆಗಳಿಂದ ಊರಾಚೆಯ ಹೊಲಗಳಿಗೆ ಸಾಗಿಸುವ ಯೋಜನೆಯನ್ನು ಹಾಕಿದನು. ಅದರ ಬೆಂಬಲಕ್ಕೆ ವಿರ್ಖೋ ನಿಂತನು. 1873ರಲ್ಲಿ ಕೆಲಸ ಮೊದಲಾಯಿತು.

ಇಪ್ಪತ್ತಾರರ ತರುಣನ ವರದಿಗೆ ದೊರೆತುದು ತಿರಸ್ಕಾರ. ಐವತ್ತು ದಾಟಿದ ಹಿರಿಯನ ಮಾತಿಗೆ ದೊರೆತುದು ಒಳಚರಂಡಿ. ಎರಡನೆಯ ಸಲ ಬೇಡಿಕೆಯೂ ಕಿರಿದಾಗಿತ್ತೆಂಬುದನ್ನು ಮರೆಯಲಾಗದು. ಆದರೂ ವಯಸ್ಸು ಮತ್ತು ಪದವಿ ಮಾತಿನ ಸತ್ಯವನ್ನು ಹೆಚ್ಚಿಸಿರಲಿಲ್ಲ. ಕೇಳುವವರ ಕಿವಿಯನ್ನು ತೆರೆದಿದ್ದವು, ಅಷ್ಟೆ. ಆ ಪದವಿಯೋ ರೋಗಿಗಳಿಂದಲೇ ಬಂದದ್ದು. ಅನಾಥವಾಗಿ ಸತ್ತ ಬಡವರ ಮೈಯಿಂದಲೇ ಷಾರಿಟೆಯಂಥ ಆಸ್ಪತ್ರೆಯ ವೈದ್ಯನು ತನ್ನ ವಿದ್ಯೆಯನ್ನು ಬಹುಮಟ್ಟಿಗೆ ಕಲಿಯುತ್ತಿದ್ದುದು. ಹಾಗೆ ಬಂದ ಮನ್ನಣೆಯನ್ನು ಅವರ ಕೇರಿಯ ಪರವಾಗಿ ಖರ್ಚುಮಾಡುವುದು ಔದಾರ್ಯವೆನ್ನುವುದಕ್ಕಿಂತ ಸಾಲ ತೀರಿಸುವುದೆಂದರೆ ಹೆಚ್ಚು ಸರಿ. ಕಾಲ ಕಳೆಯುವ ಆಕ್ಷೇಪಣೆಗೂ ಇಲ್ಲಿ ಒಂದು ಉತ್ತರವಿದೆ: ವಿರ್ಖೋ ನಗರಸಭೆಗಾಗಿ ತನ್ನ ಶಾಲೆಯನ್ನು ಬಿಡಲಿಲ್ಲ. ಅಲ್ಲಿ ಕಂಡುದನ್ನೇ ಇಲ್ಲಿ ಹೇಳಿದನು.

ಇಷ್ಟಕ್ಕೇ ನಿಲ್ಲಿಸಿದರೆ ಹಿರಿಯರ ಸ್ತುತಿಯಾದೀತು. 1847ರಲ್ಲಿ ವಿಯೆನ್ನದ ಸರಕಾರಿ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ತರುಣ ಸಹಾಯಕ ವೈದ್ಯನಿದ್ದನು. ಅವನ ಹೆರಿಗೆ ವಿಭಾಗದಲ್ಲಿ ಆ ಏಪ್ರಿಲ್ ತಿಂಗಳು ನೂರಕ್ಕೆ 18ರಂತೆ ಬಾಣಂತಿಯರು ಸತ್ತಿದ್ದರು. ಶವವನ್ನು ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವೆಂದರಿತು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಟ್ಟುಮಾಡಿದನು. ಕೆಲವು ತಿಂಗಳಲ್ಲಿ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಅವನ ಮೇಲಧಿಕಾರಿ ಒಪ್ಪಲಿಲ್ಲ. ವಿರ್ಖೋ ಬರ್ಲಿನ್ ಬಿಟ್ಟ ಆ 1849ರಲ್ಲಿಯೇ ಸೆಮ್ಮೆಲ್‌ವೈಸನೂ ತನ್ನ ಕೆಲಸವನ್ನು ಕಳೆದುಕೊಂಡನು. ಮುಂದೆ ಅವನು ತನ್ನ ಗ್ರಂಥವನ್ನು ಪ್ರಕಟಿಸಿ ಯೂರೋಪಿನ ವೈದ್ಯರಿಗೆ ಮೊರೆಯಿಟ್ಟಾಗ, ಅದನ್ನು ಒಪ್ಪದ ಹಿರಿಯರಲ್ಲಿ ವಿರ್ಖೋ ಒಬ್ಬನು. ಬಡವರ ವಕೀಲನಾಗಬೇಕೆಂದವನಿಗೆ ವಿಯೆನ್ನದ ಬಡ ಬಾಣಂತಿಯರ ಪರವಾಗಿ ಬಂದ ಈ ವಕಾಲತ್ತು ಕೇಳಿಸಲಿಲ್ಲ. ಅವನು ಹೇಳಿದ್ದರೆ ಕೇಳುವವರು ಬಹಳ ಮಂದಿ ಇದ್ದರು. ಹೇಳದೆ ಹೋದುದರಿಂದ ಎಷ್ಟು ಮನೆಗಳಲ್ಲಿ ಕೂಸುಗಳು ತಬ್ಬಲಿಯಾದವೋ ಲೆಕ್ಕವಿಟ್ಟವರಿಲ್ಲ.

ಹಿರಿಯ ವೈದ್ಯನು ಸಾರ್ವಜನಿಕ ಕಾರ್ಯದಲ್ಲಿ ಮುಂದಾಳಾಗಬೇಕೆನ್ನುವವರು ಈ ಎರಡನೆಯ ಕತೆಯನ್ನೂ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ. ಸಚಿವರೆದುರು ದನಿಯೆತ್ತಲು ಧೈರ್ಯ ಸಾಕು. ತನ್ನ ವಾರ್ಡಿನಲ್ಲೇ ಇರುವ ಕಿರಿಯ ಸಹಾಯಕನು, ದಾದಿಯು, ತನ್ನ ಮತಕ್ಕೆ ವಿರುದ್ಧವಾದ ಒಂದು ಲೆಕ್ಕವನ್ನು ತಂದು ಮೇಜಿನ ಮೇಲಿಟ್ಟಾಗ ಅದನ್ನು ಕುಳಿತು ಓದುವುದಕ್ಕೆ ಬೇಕಾದ ಗುಣ ಬೇರೆ. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡನು. ಬರ್ಲಿನ್ನಿನ ನಗರಸಭೆಯಲ್ಲಿ ವಿರ್ಖೋನಿಗೆ ಆಗ ಆರನೆಯ ವರುಷ.