ಬೀಟ್‌ರೂಟೂ ಭೇದಜ್ಞಾನವೂ

ಬಸುರಿಯಾದ ನಮ್ಮ ಸೊಸೆಗೆ ರಕ್ತ ಕಡಿಮೆಯೆಂದು ವೈದ್ಯರು ತಿಳಿಸಿದ್ದರು. ನೆರೆಮನೆಯ ಮರಾಠಿ ಗೃಹಿಣಿ, "ಬೀಟ್‌ರೂಟ್ ಕೊಡಿ, ಕೆಂಪಗಿದೆ, ರಕ್ತ ಹೆಚ್ಚುತ್ತದೆ" ಎಂದರು. ನಾವು ಪುಣೆಯ ಮಹಾತ್ಮಾ ಫುಲೆ ಮಂಡಈಯಿಂದ ತಂದೆವು. ನಮ್ಮ ಸಹಧರ್ಮಿಣಿ, "ರಕ್ತದ ಬಣ್ಣದ್ದು ಮಡಿಯ ಅಡುಗೆಮನೆಗೆ ಬೇಡ" ಎಂದು ತಡೆದಳು. ಸೊಸೆ ಒಂದು ಮಾತನ್ನೂ ಆಡದೆ ಗೆಡ್ಡೆಗಳನ್ನು ನೆರೆಮನೆಗೆ ಕೊಟ್ಟುಬಂದಳು. ನಾವೂ ಸುಮ್ಮನಿದ್ದೆವು. ಆ ಮೌನವೇ ಈ ಲೇಖನಕ್ಕೆ ಕಾರಣ.

ವಿಚಾರಿಸಿದರೆ, ಕೊಡಿ ಎಂದವರದೂ ಬೇಡ ಎಂದವರದೂ ಯುಕ್ತಿ ಒಂದೇ: ಬಣ್ಣ ರಕ್ತದಂತಿದೆ, ಆದ್ದರಿಂದ ವಸ್ತುವೂ ರಕ್ತದಂಥದು. ಆದರೆ ಸಾದೃಶ್ಯವು ಅಭೇದವಲ್ಲ. ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜಡ-ಜಡಭೇದವೂ ಒಂದಲ್ಲವೇ? ರಕ್ತದ ಕೆಂಪು ಕಬ್ಬಿಣವುಳ್ಳ ಹೀಮೋಗ್ಲೋಬಿನ್ನಿನದು; ಬೀಟ್‌ರೂಟಿನ ಕೆಂಪು ಬೀಟಾನಿನ್ ಎಂಬ ಸಸ್ಯವರ್ಣದ್ದು, ಅದರಲ್ಲಿ ಕಬ್ಬಿಣವಿಲ್ಲ. 100 ಗ್ರಾಂ ಗೆಡ್ಡೆಯಲ್ಲಿರುವ ಕಬ್ಬಿಣ 1 ಮಿಲಿಗ್ರಾಮಿಗಿಂತ ಕಡಿಮೆ. ಗರ್ಭಿಣಿಗೆ ಹಿತವಾದ ಫೋಲೇಟ್ ಎಂಬ ಜೀವಸತ್ತ್ವ ಅದರಲ್ಲಿ ಚೆನ್ನಾಗಿದೆ. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ನಮ್ಮ ಹಿರಿಯರು ಶಂಕೆಯಿಲ್ಲದೆ ಹುಳಿಗೆ ಹಾಕುತ್ತಿದ್ದ ಕೆಂಪು ಹರಿವೆಯಲ್ಲಿರುವುದೂ ಇದೇ ಜಾತಿಯ ವರ್ಣ. ಹರಿವೆ, ಇಲ್ಲಿಯ ಜನ ಏಕಾದಶಿಯ ಫರಾಳಕ್ಕೆ ಬಳಸುವ ರಾಜಗಿರಾ, ಬೀಟ್‌ರೂಟ್ ಈ ಮೂರನ್ನೂ ಸಸ್ಯಶಾಸ್ತ್ರವು ಒಂದೇ ಕುಟುಂಬದಲ್ಲಿ ಎಣಿಸುತ್ತದೆ.

ಹಾಗಾದರೆ ಆಚಾರವನ್ನು ಬಿಡಬೇಕೇ? ಖಂಡಿತ ಇಲ್ಲ. ಮೆಡಿಟರೇನಿಯನ್ ಕಡಲತೀರದ ಕಾಡುಗಿಡದಿಂದ ಬೆಳೆದುಬಂದ ಈ ಗೆಡ್ಡೆ ನಮ್ಮ ಪೂರ್ವಜರಿಗೆ ಪರಿಚಿತವಲ್ಲ. ನೈವೇದ್ಯಕ್ಕೂ ಶ್ರಾದ್ಧಕ್ಕೂ ಹಿರಿಯರು ಬಳಸಿದ ಶಾಕಗಳೇ ಸಾಕೆಂಬುದು ನಾವು ಶ್ರದ್ಧೆಯಿಂದ ಒಪ್ಪಿದ ನಿಯಮ. ಅದಕ್ಕೆ ಸುಳ್ಳು ಕಾರಣದ ಊರುಗೋಲು ಬೇಕಿಲ್ಲ.

"ದೇವರಿಗೆ ಅರ್ಪಿಸದುದನ್ನು ಉಣ್ಣಬಹುದೇ?" ಎಂಬ ಆಕ್ಷೇಪವುಂಟು. ಔಷಧವನ್ನು ಯಾರೂ ನೈವೇದ್ಯಕ್ಕಿಟ್ಟು ನುಂಗುವುದಿಲ್ಲ. ಶ್ರೀಹರಿಯನ್ನು ಸ್ಮರಿಸಿ ಸೇವಿಸುತ್ತಾರೆ. ರೋಗಿಗೂ ಗರ್ಭಿಣಿಗೂ ಹಿತವಾದ ಆಹಾರಕ್ಕೆ ಅದೇ ನ್ಯಾಯ ಸಲ್ಲುತ್ತದೆ.

ಮರುದಿನ ನಾವೇ ಮತ್ತೆ ಮಂಡಈಗೆ ಹೋದೆವು. ವೈದ್ಯರ ಕಬ್ಬಿಣದ ಮಾತ್ರೆಯ ಜೊತೆಗೆ, ಬೇರೆ ಒಲೆಯ ಮೇಲೆ ಬೇಯಿಸಿದ ಪಲ್ಯ ಸೊಸೆಯ ತಟ್ಟೆಗೆ ಬಂತು. ಬಡಿಸಿದವಳು ನಮ್ಮ ಸಹಧರ್ಮಿಣಿಯೇ. ದೇವರ ಮುಂದಿನ ಎಲೆಯಲ್ಲಿ ಎಂದಿನ ಶಾಕಗಳೇ ಇದ್ದವು. ಎರಡೂ ಎಲೆಗಳ ಭೇದವನ್ನು ಅರಿತವರಿಗೆ ಒಂದರಿಂದ ಇನ್ನೊಂದಕ್ಕೆ ಬಾಧೆಯಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.