‘ನಮ್ಮ ತೆರಿಗೆ ಹಣ’ದಲ್ಲಿ ‘ನಮ್ಮ’ ಅಂದರೆ ಯಾರು?

ಬಡತನದ ಬಗ್ಗೆ ಬರೆಯುವ ಅಂಕಣಕಾರ ಓದುಗನ ಮನಸ್ಸು ತಿರುಗಿಸಲು ಸುಳ್ಳು ಹೇಳಬೇಕಾಗಿಲ್ಲ. ಒಂದು ಸರ್ವನಾಮ ಸಾಕು.

2013ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯ ಶುರು ಮಾಡಿತು. ಬಡ ಕುಟುಂಬಕ್ಕೆ ಕೆಜಿಗೆ 1 ರೂಪಾಯಿಯಂತೆ ತಿಂಗಳಿಗೆ ಹೆಚ್ಚೆಂದರೆ 30 ಕೆಜಿ ಅಕ್ಕಿ. ಹಟ್ಟಿಯ ಒಲೆ ಮೇಲೆ ಆ ಅಕ್ಕಿ ಬೇಯುವ ಹೊತ್ತಿಗೆ ಪೇಟೆಯ ಅಂಕಣಗಳಲ್ಲಿ ಮಾತು ಬೆಂದಿತ್ತು: ನಮ್ಮ ತೆರಿಗೆ ಹಣ ಪೋಲಾಗುತ್ತಿದೆ, ಜನ ಸೋಮಾರಿಗಳಾಗುತ್ತಾರೆ, ಕೂಲಿಗೆ ಆಳು ಸಿಗುತ್ತಿಲ್ಲ. ಹತ್ತು ವರ್ಷ ಕಳೆದರೂ ಈ ಮೂರು ಮಾತು ಹಳಸಲಿಲ್ಲ. ಬಿಡಿಸಿ ನೋಡೋಣ.

ಮೊದಲು ‘ನಮ್ಮ’. ಬರೆದವನೂ ‘ನಾವು’, ಓದುವವನೂ ‘ನಾವು’. ಅಕ್ಕಿ ತಿನ್ನುವವರು ಮಾತ್ರ ‘ಅವರು’. ಹಟ್ಟಿಯ ಹೆಂಗಸು ಬೆಂಕಿಪೊಟ್ಟಣ ಕೊಂಡರೆ, ಸೋಪು ಕೊಂಡರೆ, ಮಗನಿಗೆ ಚಪ್ಪಲಿ ಕೊಂಡರೆ ತೆರಿಗೆ ಕಟ್ಟುವುದಿಲ್ಲವೆ? ರೇಷನ್ ಕಾರ್ಡು ತೋರಿಸಿದರೆ ಅಂಗಡಿಯವನು ತೆರಿಗೆ ಮುರಿದುಕೊಳ್ಳುತ್ತಾನೆಯೆ? ಆದಾಯ ತೆರಿಗೆ ಕಟ್ಟಿದವನ ಹತ್ತಿರ ರಸೀತಿ ಇದೆ, ಇವಳ ಹತ್ತಿರ ಇಲ್ಲ. ಅಷ್ಟಕ್ಕೇ ಇವಳು ಕಟ್ಟುವವಳಲ್ಲ, ಬೇಡುವವಳು ಎಂದಾಗಿಬಿಟ್ಟಳು.

ಇನ್ನು ‘ಸೋಮಾರಿ’. ಆಳು ಸಿಗುತ್ತಿಲ್ಲ ಅನ್ನುವುದು ಅರ್ಧ ಮಾತು. ಹಳೇ ಕೂಲಿಗೆ ಆಳು ಸಿಗುತ್ತಿಲ್ಲ ಅನ್ನುವುದು ಪೂರ್ತಿ ಮಾತು. ಮಡಕೆಯಲ್ಲಿ ನಾಕು ದಿನದ ಅಕ್ಕಿ ಇದ್ದವಳು, “ಇಷ್ಟು ಕೂಲಿಗೆ ನಾನ್ ಬರಾಕಿಲ್ಲ ಗೌಡ್ರೇ” ಎನ್ನಬಲ್ಲಳು. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು, ಸರಿ. ಆದರೆ ‘ಒಲ್ಲೆ’ ಅನ್ನುವ ಕಸುವು ಬರೀ ಕಾಯಿದೆಯಿಂದ ಬರುವುದಿಲ್ಲ, ತುಂಬಿದ ಹೊಟ್ಟೆಯಿಂದಲೂ ಬರಬೇಕು. ಆ ಕಸುವಿಗೆ ಭೂಮಾಲೀಕ ಇಟ್ಟ ಹೆಸರು ಸೋಮಾರಿತನ. ಅಂಕಣಕಾರ ಆ ಹೆಸರನ್ನು ಹಾಗೇ ಎತ್ತಿಕೊಂಡು, ನಾಡಿನ ಚಿಂತೆ ಎಂದು ಅಚ್ಚು ಹಾಕಿಸಿದ.

ಯೋಜನೆಯಲ್ಲಿ ಹುಳುಕಿಲ್ಲ ಎಂದು ನಾವು ಹೇಳುತ್ತಿಲ್ಲ. ನಕಲಿ ಕಾರ್ಡುಗಳ ಬಗ್ಗೆ, ಕಾಳಸಂತೆಗೆ ಹೋಗುವ ಮೂಟೆಗಳ ಬಗ್ಗೆ ಬರೆಯಲೇಬೇಕು. ರಾಗಿ, ಜೋಳ ಉಣ್ಣುವ ಸೀಮೆಗೂ ಅಕ್ಕಿಯೇ ಏಕೆ ಎಂದೂ ಕೇಳಬೇಕು. ಆದರೆ ಅದು ಲೆಕ್ಕ ಕೇಳುವ ಮಾತು. ತಿನ್ನುವವನ ನಡತೆ ಅಳೆಯುವುದು ಬೇರೆಯೇ ಮಾತು.

ಈ ಅಳತೆಗೋಲು ಎಲ್ಲರಿಗೂ ಒಂದೇಯೆ? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೇರೆ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ತೆರಿಗೆಯನ್ನು ಶೇ. 22ಕ್ಕೆ ಇಳಿಸಿತು. ಆ ದಿನ ಪ್ರಕಟಿಸಿದ ಕ್ರಮಗಳಿಂದ ಬೊಕ್ಕಸ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡುತ್ತದೆ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಅದರ ಹೆಸರು ‘ಉತ್ತೇಜನ’. ಇದರಿಂದ ಮಾಲೀಕರು ಸೋಮಾರಿಗಳಾದಾರು ಎಂದು ಮರುಗಿದ ಅಂಕಣ ನಮ್ಮ ಕಣ್ಣಿಗೆ ಬೀಳಲಿಲ್ಲ. ಉಳ್ಳವನಿಗೆ ಕೊಟ್ಟರೆ ಉತ್ತೇಜನ, ಇಲ್ಲದವನಿಗೆ ಕೊಟ್ಟರೆ ಬಿಟ್ಟಿ. ಇದು ಬರೀ ಭಾಷೆಯ ವಿಚಾರವಲ್ಲ, ನ್ಯಾಯದ ವಿಚಾರ.

ಹಾಗಾದರೆ ಮನವೊಲಿಸುವ ಮಾತೇ ತಪ್ಪೆ? ಅಲ್ಲ. 1920ರಲ್ಲಿ ಅಂಬೇಡ್ಕರ್ ‘ಮೂಕನಾಯಕ’ ಪತ್ರಿಕೆ ಶುರು ಮಾಡಿದ್ದು ಸುಮ್ಮನಿರಲಿಕ್ಕಲ್ಲ. ಮಾತು ಕಾವೇರಲಿ. ಆದರೆ ಆ ಕಾವಿನಲ್ಲಿ ಯಾರನ್ನು ಮರೆಮಾಡುತ್ತಿದ್ದೇವೆ ಎಂಬುದು ಪ್ರಶ್ನೆ.

ಈ ಪ್ರಶ್ನೆ ನಮಗೂ ತಗಲುತ್ತದೆ. ಎಲುಬಿನ ಹಂದರ, ಬತ್ತಿದ ಕಣ್ಣು, ಹಸಿದ ಕಂದ ಎಂದು ನಾವೂ ಎಷ್ಟು ಬರೆದಿಲ್ಲ? ಆ ಬರಹಗಳಲ್ಲಿ ಬಡವ ಅಳುತ್ತಾನೆ, ಸಾಯುತ್ತಾನೆ. ಲೆಕ್ಕ ಹಾಕುವುದಿಲ್ಲ, ಎದುರಾಡುವುದಿಲ್ಲ, ನಗುವುದೂ ಇಲ್ಲ. ಅಂಕಣಕಾರ ಅವನನ್ನು ಕಳ್ಳನ ಜಾಗದಲ್ಲಿ ನಿಲ್ಲಿಸಿದರೆ ನಾವು ಹೆಣದ ಜಾಗದಲ್ಲಿ ಮಲಗಿಸಿದೆವು. ನಮ್ಮ ‘ನಾವು’ ಒಳಗಾದರೂ ಅವನಿದ್ದನೆ?

ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಇಂಥ ಅಂಕಣವೊಂದನ್ನು ಮಕ್ಕಳ ಮುಂದಿಡಿ. ‘ನಾವು’, ‘ಅವರು’ ಎಂದು ಬಂದಲ್ಲೆಲ್ಲ ಗೆರೆ ಎಳೆಸಿ. ಆಮೇಲೆ ಕೇಳಿ: ಇದರಲ್ಲಿ ನಿಮ್ಮವ್ವ ಯಾವ ಕಡೆ ಇದ್ದಾಳೆ?

ನಾವೂ ಅಚ್ಚಿಗೆ ಕಳಿಸುವ ಮುನ್ನ ನಮ್ಮ ಬರಹವನ್ನು ಹಟ್ಟಿಯ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದೋಣ. “ಇದು ನಮ್ ಸುದ್ದಿ ಅಲ್ಲ ಕಣ್ರಪ್ಪ” ಎಂದು ಯಾರಾದರೂ ಎದ್ದು ಹೋದರೆ, ಅಲ್ಲೇ ಕೂತು ತಿದ್ದೋಣ.