ಮಣಿಕಟ್ಟಿನ ಬೆಳಕೂ ಒಳಗಿನ ಸಾಕ್ಷಿಯೂ

ತನ್ನ ದೇಹಸ್ಥಿತಿಯನ್ನು ಕುರಿತು ಮನುಷ್ಯನು ಆಡುವ ಮಾತಿಗೆ ಎಷ್ಟರಮಟ್ಟಿನ ಪ್ರಾಮಾಣ್ಯವುಂಟು ಎಂಬುದು ವೈದ್ಯಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ರೋಗಿಯು ತನಗೆ ಉಸಿರು ಸಾಲದೆಂದು ಹೇಳುತ್ತಾನೆ. ವೈದ್ಯನು ಪರೀಕ್ಷಿಸಿ ಹಾಗೇನೂ ಇಲ್ಲವೆನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ನಿಲ್ಲತಕ್ಕದ್ದು? ಬಹುಕಾಲ ಈ ವ್ಯಾಜ್ಯದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಮನುಷ್ಯರೇ ಆಗಿದ್ದರು. ಒಬ್ಬರ ಮುಖವನ್ನೊಬ್ಬರು ನೋಡಿ, ಮಾತಿಗೆ ಮಾತು ಕೂಡಿಸಿ, ಹೇಗೋ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಮೂರನೆಯ ಸಾಕ್ಷಿಯೊಂದು ಮನೆಮನೆಯನ್ನೂ ಪ್ರವೇಶಿಸಿದೆ. ಅದು ಕೈಗಡಿಯಾರದ ತಳದಲ್ಲಿಯೂ, ಬೆರಳಿಗೆ ತೊಡುವ ಉಂಗುರದ ಒಳಮೈಯಲ್ಲಿಯೂ, ಬೆರಳತುದಿಯನ್ನು ಕಚ್ಚಿ ಹಿಡಿಯುವ ಆಕ್ಸಿಮೀಟರಿನಲ್ಲಿಯೂ ಅಡಗಿರುವ ಬೆಳಕಿನ ಸಂವೇದಕ. ಅದು ವಾದಿಸುವುದಿಲ್ಲ, ಒಂದು ಅಂಕಿಯನ್ನು ತೋರಿಸಿ ಸುಮ್ಮನಾಗುತ್ತದೆ. ವಾದಿಸದೆ ಇರುವವನ ಮಾತನ್ನು ಜನರು ಬೇಗ ನಂಬುವರು.

ಈ ಸಾಕ್ಷಿಯ ಸ್ವಭಾವವನ್ನು ಮೊದಲು ಅರಿಯತಕ್ಕದ್ದು. ಗಡಿಯಾರವನ್ನು ಮಗುಚಿ ನೋಡಿದರೆ ಚಿಕ್ಕ ಹಸುರು ದೀಪಗಳು ಮಿನುಗುವುದು ಕಾಣುತ್ತದೆ. ಆ ಬೆಳಕು ಚರ್ಮವನ್ನು ಹೊಕ್ಕು, ಮಾಂಸದಲ್ಲಿ ಚೆದರಿ, ಅಲ್ಪಭಾಗವು ಹಿಂದಿರುಗಿ ಪಕ್ಕದಲ್ಲಿರುವ ಬೆಳಕಿನ ಗ್ರಾಹಕದ ಮೇಲೆ ಬೀಳುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸುರು ಬೆಳಕನ್ನು ಚೆನ್ನಾಗಿ ಹೀರುವ ವಸ್ತು. ಹೃದಯವು ಒಮ್ಮೆ ಮಿಡಿದಾಗ ಚರ್ಮದಡಿಯ ಸೂಕ್ಷ್ಮನಾಳಗಳಿಗೆ ರಕ್ತದ ಅಲೆಯೊಂದು ಬರುತ್ತದೆ; ಆ ಕ್ಷಣದಲ್ಲಿ ಹಿಂದಿರುಗುವ ಬೆಳಕು ಸ್ವಲ್ಪ ಕುಗ್ಗುತ್ತದೆ. ಅಲೆಯಿಳಿದೊಡನೆ ಮತ್ತೆ ಹೆಚ್ಚುತ್ತದೆ. ಈ ಏರಿಳಿತವು ಒಟ್ಟು ಬೆಳಕಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದೆಲ್ಲವೂ ಚರ್ಮ, ಮಾಂಸ, ಮೂಳೆಗಳಿಂದ ಬಂದ ಮಿಡಿತವಿಲ್ಲದ ಬೆಳಕು. ಕೈ ಅಲುಗಿದರೆ, ಪಟ್ಟಿ ಸಡಿಲವಾದರೆ, ಚಳಿಗೆ ನಾಳಗಳು ಕುಗ್ಗಿದರೆ, ಹಚ್ಚೆಯ ಮಸಿ ಅಡ್ಡಬಂದರೆ, ಆ ಒಂದೆರಡು ಪಾಲೂ ಕಲಸಿಹೋಗುವುದು. ಅಮೆರಿಕದ ಸೇಂಟ್ ಲೂಯಿ ನಗರದ ಶರೀರಶಾಸ್ತ್ರಜ್ಞ ಆಲ್ರಿಕ್ ಹರ್ಟ್ಸ್‌ಮನ್ 1937ರಲ್ಲಿ ಬೆರಳುಗಳ ಮೇಲೆ ನಡೆಸಿದ ಪ್ರಯೋಗಗಳು ಈ ಕ್ರಮಕ್ಕೆ ಬುನಾದಿಯಾದುವು. ಅಂದು ಮೇಜಿನ ಮೇಲಿದ್ದ ಉಪಕರಣವು ಇಂದು ಗುಂಡಿಯಷ್ಟಾಗಿದೆ, ತತ್ತ್ವವು ಬದಲಾಗಿಲ್ಲ.

ಹೀಗಿರುವಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಗಡಿಯಾರವು ಹೃದಯವನ್ನು ಕಾಣುವುದಿಲ್ಲ. ಅದು ಕಾಣುವುದು ಹಿಂದಿರುಗಿದ ಬೆಳಕನ್ನು ಮಾತ್ರ. ಬೆಳಕಿನಿಂದ ರಕ್ತದ ಅಲೆಗೆ, ಅಲೆಯಿಂದ ಮಿಡಿತಕ್ಕೆ, ಮಿಡಿತಗಳ ಅಂತರದಿಂದ ನಿದ್ರೆಗೂ ಆಯಾಸಕ್ಕೂ ಮನಃಕ್ಷೋಭೆಗೂ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲನೆಯ ಮೆಟ್ಟಿಲು ಗಟ್ಟಿಯಾದುದು. ಮೇಲಕ್ಕೆ ಹೋದಂತೆಲ್ಲ ಮೆಟ್ಟಿಲು ಅಲುಗುತ್ತದೆ. ಗಾಜಿನ ಮುಖದ ಮೇಲೆ ಮಾತ್ರ ಎಲ್ಲ ಅಂಕಿಗಳೂ ಒಂದೇ ಗಾತ್ರದಲ್ಲಿ, ಒಂದೇ ಧೈರ್ಯದಿಂದ ಹೊಳೆಯುತ್ತವೆ. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಇದು ಪ್ರತ್ಯಕ್ಷದ ವೇಷ ತೊಟ್ಟ ಅನುಮಾನ. ಹೊಗೆಯನ್ನು ಕಂಡು ಬೆಟ್ಟದ ಮೇಲೆ ಬೆಂಕಿಯಿದೆ ಎನ್ನುವವನು ತಪ್ಪು ಮಾಡಿದವನಲ್ಲ. ಬೆಂಕಿಯನ್ನೇ ಕಂಡೆನೆಂದು ಹೇಳಿಕೊಂಡರೆ ತಪ್ಪು.

ವೈದ್ಯನ ಬೆರಳೂ ಅನುಮಾನವನ್ನೇ ಮಾಡುತ್ತಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಅಹುದು. ಆಯುರ್ವೇದ ಗ್ರಂಥಗಳಲ್ಲಿ ನಾಡೀಪರೀಕ್ಷೆಯು ಸ್ಪಷ್ಟವಾಗಿ ಮೊದಲು ಕಾಣುವುದು ಶಾರ್ಙ್ಗಧರಸಂಹಿತೆಯಲ್ಲಿ. ಅಲ್ಲಿ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡೆಗೆ ಹೋಲಿಸಿ ದೋಷಗಳನ್ನು ಊಹಿಸುವ ಪದ್ಧತಿಯಿದೆ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ, ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಹಿಡಿದು ನಾಡಿಯನ್ನು ಎಣಿಸುವ ಕ್ರಮವನ್ನು ಪ್ರಕಟಿಸಿದನು. ನಾಡಿಯು ಅಂಕಿಯಾಗತೊಡಗಿದ ಬಗೆಗೆ ಅದೊಂದು ಗುರುತು. ಆದರೆ ಹಳೆಯ ವೈದ್ಯಕ್ರಮದಲ್ಲಿ ರೋಗಿಯ ಪರೀಕ್ಷೆಗೆ ಮೂರು ಅಂಗಗಳುಂಟು: ದರ್ಶನ, ಸ್ಪರ್ಶನ, ಪ್ರಶ್ನ. ಸಂವೇದಕವು ಬೆಳಕಿನಿಂದ ದರ್ಶನ ಮಾಡುತ್ತದೆ. ಹಗಲಿರುಳೂ ಚರ್ಮಕ್ಕಂಟಿಕೊಂಡು, ಯಾವ ವೈದ್ಯನೂ ಮಾಡಲಾರದಷ್ಟು ಸ್ಪರ್ಶನವನ್ನೂ ಮಾಡುತ್ತದೆ. ಮೂರನೆಯದು ಅದಕ್ಕಿಲ್ಲ. ಹೇಗಿದ್ದೀರಿ ಎಂದು ಅದು ಕೇಳುವುದಿಲ್ಲ. ಕೇಳದಿರುವುದು ಯಂತ್ರದ ದೋಷವಲ್ಲ. ಅದನ್ನು ನೋಡಿ ಮನುಷ್ಯರೂ ಕೇಳುವುದನ್ನು ಬಿಟ್ಟರೆ, ಅಲ್ಲಿಂದ ನೀತಿಯ ವಿಚಾರವು ಆರಂಭವಾಗುತ್ತದೆ.

ಇದಕ್ಕೆ ಆಕ್ಸಿಮೀಟರಿನ ಚರಿತ್ರೆಯಷ್ಟು ಒಳ್ಳೆಯ ನಿದರ್ಶನವು ಬೇರೆ ಸಿಕ್ಕದು. ಜಪಾನಿನ ತಕುವೊ ಅಯೊಯಾಗಿ ಎಂಬ ಎಂಜಿನಿಯರು 1974ರಲ್ಲಿ ಈ ಉಪಾಯವನ್ನು ಮುಂದಿಟ್ಟನು. ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸುತ್ತಾರೆ. ಆಮ್ಲಜನಕವನ್ನು ಹೊತ್ತ ರಕ್ತವೂ ಹೊರದ ರಕ್ತವೂ ಈ ಎರಡು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಮಿಡಿಯುವ ಪಾಲನ್ನು ಮಾತ್ರ ಆರಿಸಿಕೊಂಡು ಎರಡರ ಅನುಪಾತವನ್ನು ತೆಗೆದರೆ, ಚರ್ಮ ಮಾಂಸಗಳ ಪ್ರಭಾವವು ಕಳೆದುಹೋಗಿ ರಕ್ತದ ಗುಣವೊಂದೇ ಉಳಿಯುವುದೆಂಬುದು ಅದರ ಸೊಗಸು. ಅಸಂಖ್ಯಾತ ಪ್ರಾಣಗಳನ್ನು ಉಳಿಸಿದ ಕಲ್ಪನೆ ಇದು. ಆದರೆ ಅನುಪಾತದಿಂದ ಆಮ್ಲಜನಕದ ಅಂಕಿಗೆ ಹೋಗುವ ದಾರಿಯನ್ನು ಬರಿಯ ಗಣಿತವು ತೋರಿಸಲಿಲ್ಲ. ಆರೋಗ್ಯವಂತರಾದ ಕೆಲವರಿಗೆ ಕಡಮೆ ಆಮ್ಲಜನಕದ ಗಾಳಿಯನ್ನು ಉಸಿರಾಡಿಸಿ, ಅವರ ರಕ್ತವನ್ನು ತೆಗೆದು ಅಳೆದು, ಯಾವ ಅನುಪಾತಕ್ಕೆ ಯಾವ ಅಂಕಿಯೆಂಬ ಪಟ್ಟಿಯನ್ನು ಮಾಡಬೇಕಾಯಿತು. ಆ ಕೆಲವರು ಯಾರು ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ನೈಯಾಯಿಕರು ವ್ಯಾಪ್ತಿಯನ್ನು ವಿಚಾರಿಸುವಾಗ ಉಪಾಧಿಯೆಂಬ ಒಂದು ದೋಷವನ್ನು ಹೇಳುವರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಬಾರದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯೆಂಬ ನಿಬಂಧನೆಯು ಸದ್ದಿಲ್ಲದೆ ಒಳಗೆ ಸೇರಿಕೊಂಡಿತ್ತು. ಅಡಿಗೆಮನೆಯನ್ನು ಮಾತ್ರ ನೋಡಿದವನಿಗೆ ಅದು ತಿಳಿಯದು. ಆಕ್ಸಿಮೀಟರಿನ ವ್ಯಾಪ್ತಿಯಲ್ಲಿಯೂ ಇಂಥ ಉಪಾಧಿಯೊಂದು ಅಡಗಿತ್ತು, ಅದು ಬಿಳಿಯ ಚರ್ಮ. ಕಪ್ಪು ಚರ್ಮದ ಮೆಲನಿನ್ ಬೆಳಕನ್ನು ಹೀರುವುದರಿಂದ ಲೆಕ್ಕವು ವಾಲುತ್ತದೆ. ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು ಆಮ್ಲಜನಕವಿರುವಂತೆ ಅಂಕಿಯು ತೋರುವುದುಂಟು. ಅಮೆರಿಕದ ಜುಬ್ರಾನ್ ಮತ್ತು ಟೋಬಿನ್ ಎಂಬ ವೈದ್ಯರು 1990ರಲ್ಲಿಯೇ, ಕೃತಕ ಉಸಿರಾಟದ ಮೇಲಿದ್ದ ಕಪ್ಪು ಜನರಲ್ಲಿ ಈ ಉಪಕರಣವು ಹೆಚ್ಚು ತಪ್ಪುತ್ತದೆಂದು ಬರೆದಿದ್ದರು. ಬಳಿಕ ಮೂವತ್ತು ವರ್ಷ ಆ ಮಾತು ಪುಸ್ತಕದ ಕಪಾಟಿನಲ್ಲಿ ಮಲಗಿತ್ತು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಮಿಷಿಗನ್ನಿನ ವೈದ್ಯರು ಮತ್ತೆ ಲೆಕ್ಕ ತೆಗೆದರು. ಬೆರಳಿನ ಉಪಕರಣವು 92ರಿಂದ 96ರವರೆಗಿನ ಭರವಸೆಯ ಅಂಕಿಯನ್ನು ತೋರಿಸುತ್ತಿದ್ದಾಗ, ಧಮನಿಯ ರಕ್ತದಲ್ಲಿ ನಿಜವಾದ ಪ್ರಮಾಣವು 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ 11.7. ಅಯೊಯಾಗಿಯು ಅದೇ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡಿದ್ದನು.

ಆ ಅಂಕಿಗಳ ಹಿಂದೆ ಇರಬಹುದಾದ ದೃಶ್ಯವನ್ನು ಊಹಿಸಿಕೊಳ್ಳಬೇಕು. ಹಾಸಿಗೆಯಲ್ಲಿರುವವನು ಉಸಿರು ಸಾಲದೆಂದು ಹೇಳುತ್ತಾನೆ. ಪಕ್ಕದಲ್ಲಿ ನಿಂತವರು ಅವನ ಮುಖವನ್ನು ನೋಡದೆ ಬೆರಳನ್ನು ನೋಡುತ್ತಾರೆ. ಅಂಕಿಯು ಚೆನ್ನಾಗಿದೆ, ಆದಕಾರಣ ಭಯವೆಂಬುದು ಅವನ ಮನಸ್ಸಿನದು. ಇಲ್ಲಿ ನಡೆದುದು ಅಳತೆಯ ತಪ್ಪು ಮಾತ್ರವಲ್ಲ. ಒಬ್ಬ ಮನುಷ್ಯನ ಮಾತನ್ನು ಸುಳ್ಳೆಂದೋ ಭ್ರಮೆಯೆಂದೋ ತಳ್ಳಿಹಾಕಿದ ಅನ್ಯಾಯವೂ ಆಯಿತು. ಮತ್ತು ಅದು ಯಾರ ಮಾತಿಗೆ ಮೊದಲೇ ಬೆಲೆ ಕಡಮೆಯಿತ್ತೋ ಅವರ ಪಾಲಿಗೇ ಹೆಚ್ಚಾಗಿ ಬಂದಿತು.

ಹಾಗೆಂದು ಯಂತ್ರವನ್ನು ಜರೆಯುವವರು ಎದುರು ಪಕ್ಷದ ಸಾಕ್ಷ್ಯವನ್ನೂ ಕೇಳತಕ್ಕದ್ದು. ಅದೇ ಕೋವಿಡ್ ಕಾಲದಲ್ಲಿ, ರಕ್ತದ ಆಮ್ಲಜನಕವು ಅಪಾಯಕರವಾಗಿ ಇಳಿದಿದ್ದರೂ ಏನೂ ಆಗಿಲ್ಲವೆಂದು ನಗುತ್ತ ಕುಳಿತಿದ್ದ ರೋಗಿಗಳನ್ನು ವೈದ್ಯರು ಕಂಡರು. ಅವರ ಅನುಭವವು ಮೋಸ ಮಾಡಿತ್ತು. ಬೆರಳಿನ ಉಪಕರಣವು ನಿಜ ಹೇಳಿತ್ತು. ಅಮೆರಿಕದಲ್ಲಿ 4,19,297 ಮಂದಿಯ ಕೈಗಡಿಯಾರಗಳಿಂದ ನಡೆಸಿ 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 2,161 ಮಂದಿಗೆ ನಾಡಿಯು ಅಸ್ತವ್ಯಸ್ತವಾಗಿದೆಯೆಂಬ ಸೂಚನೆ ಬಂದಿತು. ಅವರಲ್ಲಿ 450 ಮಂದಿಯ ಎದೆಗೆ ಅಂಟಿಸಿದ ಪಟ್ಟಿಯಿಂದ ದೊರೆತ ದಾಖಲೆಯನ್ನು ಪರೀಕ್ಷಿಸಲಾಗಿ ನೂರಕ್ಕೆ 34ರಲ್ಲಿ ಹೃತ್ಕರ್ಣದ ಕಂಪನವೆಂಬ ವ್ಯಾಧಿಯು ಕಂಡಿತು. ಆ ವ್ಯಾಧಿಯು ಅನೇಕರಿಗೆ ಯಾವ ಅರಿವನ್ನೂ ಕೊಡದೆ ಇರಬಲ್ಲದು. ಚರ್ಮದ ಬಣ್ಣದ ವಿಷಯದಲ್ಲಿಯೂ ಹಸುರು ದೀಪದ ಗಡಿಯಾರಗಳೆಲ್ಲ ಒಂದೇ ಅಪರಾಧಕ್ಕೆ ಗುರಿಯಲ್ಲ: 2020ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು 53 ಮಂದಿಯನ್ನು ಪರೀಕ್ಷಿಸಿದಾಗ, ನಾಡಿಯೆಣಿಕೆಯ ತಪ್ಪಿಗೆ ಬಣ್ಣಕ್ಕಿಂತ ದೇಹದ ಚಲನೆಯೇ ದೊಡ್ಡ ಕಾರಣವಾಗಿ ತೋರಿತು.

ಹಾಗಾದರೆ ಯಾರನ್ನು ನಂಬುವುದು? ಉಡುಪಿಯಲ್ಲಿ ನೆಲಸಿದ ಮಧ್ವಾಚಾರ್ಯರ ಮತದಲ್ಲಿ ಸಾಕ್ಷಿಯೆಂಬ ಪರಿಭಾಷೆಯುಂಟು. ಕಣ್ಣು ಕಿವಿಗಳೂ ಮನಸ್ಸೂ ತಪ್ಪಬಹುದು. ಆದರೆ ತನಗಾಗುತ್ತಿರುವ ಸುಖದುಃಖಗಳನ್ನು ಗ್ರಹಿಸುವ ಒಳಗಿನ ಸಾಕ್ಷಿಯು ತಪ್ಪುವುದಿಲ್ಲವೆಂದು ಅವರು ಹೇಳುವರು. ಇಡಿಯ ದರ್ಶನವನ್ನು ಒಪ್ಪದವರಿಗೂ ಈ ವಿಂಗಡಣೆಯು ಇಲ್ಲಿ ಬೆಳಕು ಕೊಡುತ್ತದೆ. ‘ನನಗೆ ಸಂಕಟವಾಗುತ್ತಿದೆ’ ಎಂಬ ಮಾತು ಸಾಕ್ಷಿಯ ಕ್ಷೇತ್ರಕ್ಕೆ ಸೇರಿದುದು. ಅದನ್ನು ಅಲ್ಲಗಳೆಯುವ ಅಧಿಕಾರವು ಯಾವ ದೀಪಕ್ಕೂ ಇಲ್ಲ. ‘ನನ್ನ ರಕ್ತದಲ್ಲಿ ಆಮ್ಲಜನಕವು ಸಾಕಷ್ಟಿದೆ’ ಎಂಬುದು ಆ ಕ್ಷೇತ್ರದ ಹೊರಗಿನ ಮಾತು. ಅಲ್ಲಿ ನಗುತ್ತ ಕುಳಿತ ರೋಗಿಯೂ ತಪ್ಪಬಲ್ಲನು. ಜಗಳವೆಲ್ಲ ಹುಟ್ಟುವುದು ಒಬ್ಬರ ಗದ್ದೆಗೆ ಇನ್ನೊಬ್ಬರು ನೇಗಿಲು ಹೂಡಿದಾಗ. ಸಂಕಟಪಡುವವನಿಗೆ ಸಂಕಟವಿಲ್ಲವೆಂದು ಹೇಳುವ ಅಂಕಿಯು ಹಾಗೆ ಮಾಡುತ್ತದೆ. ತನಗೇನೂ ಅನ್ನಿಸದ ಕಾರಣ ಅಪಾಯವಿಲ್ಲವೆಂದು ಹೇಳುವ ದೃಢಕಾಯನೂ ಹಾಗೆಯೇ ಮಾಡುತ್ತಾನೆ.

ನಿದ್ರೆಯ ವಿಷಯದಲ್ಲಿ ಈ ಅತಿಕ್ರಮಣವು ಹಾಸ್ಯಾಸ್ಪದವಾಗುವುದೂ ಉಂಟು. ಗಡಿಯಾರವು ಕೈಯ ಚಲನೆಯಿಂದಲೂ ನಾಡಿಯ ಗತಿಯಿಂದಲೂ ನಿದ್ರೆಯ ಆಳವನ್ನು ಊಹಿಸುತ್ತದೆ. ನಿದ್ರೆಯ ಪದರಗಳನ್ನು ನೇರವಾಗಿ ಅರಿಯಬೇಕಾದರೆ ತಲೆಗೆ ತಂತಿಗಳನ್ನು ಕಟ್ಟಿ ಮಿದುಳಿನ ಅಲೆಗಳನ್ನು ನೋಡಬೇಕು. ಆದರೂ ಬೆಳಗ್ಗೆ ಹಗುರವಾಗಿ ಎದ್ದವನು ಗಡಿಯಾರದಲ್ಲಿ ಕಡಮೆ ಅಂಕ ಕಂಡೊಡನೆ ಆಯಾಸಪಡತೊಡಗುತ್ತಾನೆ. ಅಂಕವನ್ನು ಹೆಚ್ಚಿಸಬೇಕೆಂಬ ಚಿಂತೆಯಿಂದಲೇ ನಿದ್ರೆಗೆಡುವವರನ್ನು ಕಂಡು ಅಮೆರಿಕದ ತಜ್ಞರು 2017ರಲ್ಲಿ ಈ ಅವಸ್ಥೆಗೆ ‘ಆರ್ಥೋಸಾಮ್ನಿಯ’ ಎಂಬ ಹೆಸರನ್ನಿಟ್ಟರು. ಆಸ್ಪತ್ರೆಯಲ್ಲಿ ಚೆನ್ನಾಗಿ ನಿದ್ರಿಸಿದಿರೆಂದು ಹೇಳಿದರೂ ಅವರು ಗಡಿಯಾರವನ್ನೇ ಎತ್ತಿ ಹಿಡಿಯುತ್ತಿದ್ದರು. ಇತರರು ರೋಗಿಯ ಮಾತನ್ನು ಕೇಳದೆ ಹೋದುದು ಒಂದು ಬಗೆ. ಇಲ್ಲಿ ಮನುಷ್ಯನು ತನ್ನ ಮಾತನ್ನು ತಾನೇ ಕೇಳಲೊಲ್ಲನು.

ಮೂರನೆಯವರ ಕೈಗೆ ಈ ಅಂಕಿಗಳು ಸೇರಿದಾಗ ಪ್ರಶ್ನೆಯು ಇನ್ನೂ ಬಿಗಿಯಾಗುತ್ತದೆ. ಅಮೆರಿಕದ ಜಾನ್ ಹ್ಯಾನ್‌ಕಾಕ್ ಎಂಬ ಜೀವವಿಮಾ ಸಂಸ್ಥೆಯು 2018ರಲ್ಲಿ ತನ್ನ ಎಲ್ಲ ಪಾಲಿಸಿಗಳಿಗೂ ಇಂಥ ಉಪಕರಣಗಳ ಅಳತೆಯನ್ನು ಜೋಡಿಸುವ ಏರ್ಪಾಟನ್ನು ಸಾರಿತು. ಅಂಕಿಯೊಪ್ಪಿಸುವುದು ಪಾಲಿಸಿದಾರನ ಇಚ್ಛೆಗೆ ಬಿಟ್ಟುದು, ಒಪ್ಪಿಸಿದವನಿಗೆ ರಿಯಾಯಿತಿ. ಇದರಲ್ಲಿ ಬಲಾತ್ಕಾರವಿಲ್ಲವೆಂಬುದು ನಿಜ. ಆದರೆ ವೈದ್ಯನೆದುರಿಗಾದರೆ ರೋಗಿಯು ‘ಅಂದು ಪಟ್ಟಿ ಸಡಿಲವಾಗಿತ್ತು’ ಎಂದು ಹೇಳಬಹುದು. ದೂರದ ಲೆಕ್ಕದ ಕೋಣೆಯಲ್ಲಿ ಅದನ್ನು ಹೇಳುವುದು ಯಾರಿಗೆ?

ತಿದ್ದುಪಡಿಯು ಎರಡು ಕಡೆಗಳಲ್ಲಿ ಆಗಬೇಕಾಗಿದೆ. ಒಂದು, ಅಳತೆಯ ಪಟ್ಟಿಯನ್ನು ಮಾಡುವಲ್ಲಿ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ 2013ರ ಮಾರ್ಗಸೂಚಿಯು ಆಕ್ಸಿಮೀಟರಿನ ಪರೀಕ್ಷೆಯಲ್ಲಿ ಗಾಢವರ್ಣದವರು ಕನಿಷ್ಠ ಇಬ್ಬರು, ಅಥವಾ ಒಟ್ಟಿನಲ್ಲಿ ನೂರಕ್ಕೆ 15, ಯಾವುದು ಹೆಚ್ಚೋ ಅಷ್ಟು ಇದ್ದರೆ ಸಾಕೆಂದಿತ್ತು. ಲೋಕದ ಬಹುಭಾಗದ ಚರ್ಮಕ್ಕೆ ಇಬ್ಬರು ಪ್ರತಿನಿಧಿಗಳು! 2025ರ ಜನವರಿಯಲ್ಲಿ ಆ ಇಲಾಖೆಯು ಇದನ್ನು ಬಿಗಿಗೊಳಿಸುವ ಕರಡನ್ನು ಹೊರಡಿಸಿತು. ಕೆಲವು ಗಡಿಯಾರಗಳಲ್ಲಿ ಬೆಳಕಿನ ಗುರುತು ದುರ್ಬಲವಾದಾಗ ಅಂಕಿಯ ಬದಲು ಬರಿಯ ಅಡ್ಡಗೆರೆಗಳು ಕಾಣುತ್ತವೆ. ಈ ಸಂಕೋಚವು ಇನ್ನಷ್ಟು ಉಪಕರಣಗಳಿಗೆ ಬಂದರೆ ಒಳ್ಳೆಯದು.

ಇನ್ನೊಂದು ಕಡೆ ಮನೆ. 2021ರ ಬೇಸಗೆಯಲ್ಲಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ಆಕ್ಸಿಮೀಟರ್ ಕೈಯಿಂದ ಕೈಗೆ ಓಡಾಡಿತು. 94 ಎಂಬ ಅಂಕಿಯು ಮಕ್ಕಳ ಬಾಯಲ್ಲಿಯೂ ನಲಿದಾಡಿತು. ಭಾರತ ಸರಕಾರದ ಆರೋಗ್ಯ ಇಲಾಖೆಯು ಮನೆಯಲ್ಲಿಯೇ ಪ್ರತ್ಯೇಕವಾಗಿದ್ದ ರೋಗಿಗಳಿಗಾಗಿ ಆಗ ಹೊರಡಿಸಿದ ಸೂಚನೆಯಲ್ಲಿ, ಯಾವ ಲಕ್ಷಣಗಳು ಕಂಡರೆ ಕೂಡಲೇ ವೈದ್ಯರ ನೆರವು ಪಡೆಯಬೇಕೆಂಬ ಪಟ್ಟಿಯೊಂದಿತ್ತು. ಆಮ್ಲಜನಕವು 94ಕ್ಕಿಂತ ಕೆಳಗಿಳಿಯುವುದು ಆ ಪಟ್ಟಿಯಲ್ಲಿ ಎರಡನೆಯದು. ಉಸಿರಾಟದ ತೊಂದರೆ ಮೊದಲನೆಯದು. ಎರಡೂ ಕೂಡಿ ಬರಬೇಕೆಂದು ಅಲ್ಲಿ ಬರೆದಿರಲಿಲ್ಲ.